ಹುಲ್ಲುವೇಷದ ಕ್ಯಾಪ್ಟನ್ನಿನ ಮದುವೆ

ಫೆಸ್ಟಿ ರುವೇನ್ ಮಾಡಿಗೆ ಹುಲ್ಲು ಹೊದಿಸುವ ಕೆಲಸದವನು. ಐರ್ಲೆಂಡಿನ ಮೇಯೋ ಸೀಮೆಯ ನಮ್ಮ ಕಿಲ್‌ಡರಗ್ ಸುತ್ತಮುತ್ತ ಅವನು ಹತ್ತಿ ಕೂರದ ಮನೆಯಿಲ್ಲ. ಬೆಳಿಗ್ಗೆ ಏಣಿ ಹತ್ತಿದರೆ ಕತ್ತಲಾಗುವವರೆಗೆ ಇಳಿಯುತ್ತಿರಲಿಲ್ಲ. ಕೆಲಸದ ಮೇಲಿನ ಪ್ರೀತಿಗಿಂತ, ಕೆಳಗೆ ಇಳಿದರೆ ಯಾರಾದರೂ ಮಾತಾಡಿಸುತ್ತಾರೆ ಎಂಬ ಹೆದರಿಕೆಯೇ ಅದಕ್ಕೆ ಹೆಚ್ಚು ಕಾರಣ ಎಂದು ಊರವರು ಹೇಳುತ್ತಿದ್ದರು. ಮಾತಾಡಿಸಿದರೆ ಅವನ ಉತ್ತರ ಒಂದೇ, 'ಹೂಂ'. ಎರಡನೆಯ ಸಲ ಮಾತಾಡಿಸಿದರೆ ಹುಲ್ಲು ಸಿಕ್ಕಿಸುವ ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಾಯಿ ಖಾಲಿ ಇಲ್ಲ ಎಂದು ಕೈಸನ್ನೆ ಮಾಡುತ್ತಿದ್ದ. ಮಾತಾಡಿಸಿದ್ದು ಹೆಂಗಸಾದರಂತೂ ಅವನ ಕಿವಿ ಕೆಂಪಾಗುವುದು ಅಂಗಳದಿಂದಲೇ ಕಾಣುತ್ತಿತ್ತು.

ಇಂಥವನು ಚಳಿಗಾಲ ಬಂತೆಂದರೆ ರಾಜನಾಗುತ್ತಿದ್ದ. ನಮ್ಮ ಕಡೆ ಮದುವೆಗಳೆಲ್ಲ ಕ್ರಿಸ್ಮಸ್ ಮುಗಿದು, ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಹಿಡಿಯುವುದರೊಳಗೆ ಆಗಿಬಿಡಬೇಕು. ಆ ಕೆಲವು ವಾರ ಮದುವೆಯೂಟಕ್ಕೆ ಬೇಯುವ ಗೂಸು ಹಕ್ಕಿಗಳಿಗೂ ಬ್ರಹ್ಮಚಾರಿಗಳಿಗೂ ನೆಮ್ಮದಿಯಿಲ್ಲ. ಮದುವೆಯ ಸಂಜೆ ಮನೆಯವರು ಉಂಡು, ಪಿಟೀಲು ಶುರುವಾಗುವ ಹೊತ್ತಿಗೆ ಬಾಗಿಲು ಬಡಿಯುತ್ತದೆ. ಹೊರಗೆ ಹುಲ್ಲುವೇಷದವರು. ತಲೆಯಿಂದ ಹೆಗಲಿನವರೆಗೆ ಮುಖ ಮುಚ್ಚುವ ಹುಲ್ಲಿನ ಚೂಪು ಟೋಪಿ, ಬೆರಳ ತುದಿಯವರೆಗೆ ಇಳಿಬಿದ್ದ ಹುಲ್ಲಿನ ಮೇಲಂಗಿ, ಸೊಂಟಕ್ಕೆ ಹುಲ್ಲಿನ ಲಂಗ. ಇವರನ್ನು ಯಾರೂ ಕರೆದಿರುವುದಿಲ್ಲ, ಕರೆಯಲೂ ಬಾರದು. ಆದರೆ ಇವರು ಬರದ ಮದುವೆ ಏಳಿಗೆಯಾಗುವುದಿಲ್ಲ. ಹಸು ಹಾಲು ಬತ್ತಿಸಿಕೊಳ್ಳುತ್ತದೆ, ತೊಟ್ಟಿಲು ಖಾಲಿ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಬಾಗಿಲವರೆಗೆ ಬಂದು ಒಳಗೆ ಕಾಲಿಡದೆ ಹಿಂತಿರುಗುವುದು. ಒಳಗೆ ಬಂದರೆ ಅವರ ಕ್ಯಾಪ್ಟನ್ನು ಮದುಮಗಳ ಜೊತೆ ಒಂದು ಸುತ್ತು ಕುಣಿಯುತ್ತಾನೆ, ಎಲ್ಲರೂ ಒಂದೊಂದು ಲೋಟ ಕುಡಿಯುತ್ತಾರೆ, ಬಂದ ಹಾಗೆ ಹೊರಡುತ್ತಾರೆ.

ಆ ಕ್ಯಾಪ್ಟನ್ನು ಫೆಸ್ಟಿ. ಮಾಡಿನ ಮೇಲೆ ಮೂಕನಾಗಿದ್ದವನು ಹುಲ್ಲಿನ ಒಳಗೆ ಹೊಕ್ಕ ಕೂಡಲೆ ಮೈಯೆಲ್ಲ ಬಾಯಾಗುತ್ತಿದ್ದ. ಅವನು ನೆಲಕ್ಕೆ ಹಿಮ್ಮಡಿ ಬಡಿದರೆ ಒಲೆಯ ಮೇಲಿನ ಪಾತ್ರೆ ಅಲುಗುತ್ತಿತ್ತು. ಊರಿನ ಎಷ್ಟೋ ಮದುವಣಗಿತ್ತಿಯರು ತಮ್ಮ ಗಂಡಂದಿರ ಜೊತೆ ಕುಣಿದದ್ದನ್ನು ಮರೆತಿದ್ದರೂ ಕ್ಯಾಪ್ಟನ್ನಿನ ಜೊತೆ ಕುಣಿದದ್ದನ್ನು ಮರೆತಿರಲಿಲ್ಲ. ಅವನು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಎಡಗಾಲಿನ ಬೂಟಿನ ಕೆಂಪು ತೇಪೆಯನ್ನು ಯಾವ ಹುಲ್ಲೂ ಮುಚ್ಚುತ್ತಿರಲಿಲ್ಲ. ಆದರೂ ಸ್ವಂತ ತಾಯಿ ವಿನ್ನಿಯೇ ಒಲೆಯ ಪಕ್ಕ ಕೂತು, ಯಾರೋ ದೂರದೂರಿನವರಿರಬೇಕು, ಎಷ್ಟು ಚೆನ್ನಾಗಿ ಕುಣಿಯುತ್ತಾರೆ ನೋಡಿ ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. ಹೇಳಲೇಬೇಕು. ಹುಲ್ಲಿನೊಳಗಿನವನ ಹೆಸರು ಹಿಡಿದು ಕರೆದರೆ ಆ ಮದುವೆಗೆ ತಂದ ಅದೃಷ್ಟವೆಲ್ಲ ಅಲ್ಲೇ ನೆಲಕ್ಕೆ ಚೆಲ್ಲಿಹೋಗುತ್ತದೆ.

ಫೆಸ್ಟಿ ಇದರ ಮೇಲೆ ತನ್ನದೂ ಒಂದಿಷ್ಟು ಕಾನೂನು ಹೇರಿದ್ದ. ಹುಲ್ಲು ಮೈಮೇಲಿರುವಾಗ ಮದುವೆಮನೆಯವರ ಮುಂದೆ ತುಟಿ ಬಿಚ್ಚಬಾರದು. ಮನೆಯ ಎಲ್ಲೆಗೋಡೆ ದಾಟುವವರೆಗೆ ಟೋಪಿ ಎತ್ತಬಾರದು. ಒಮ್ಮೆ ತಂಡಕ್ಕೆ ಪಿಟೀಲು ಬಾರಿಸುವ ಟೇಡಿ ಮೊರಾನ್, ಪಾಪ, ಬಿಯರಿನ ನೊರೆ ಹುಲ್ಲಿಗೆ ಮೆತ್ತಿಕೊಳ್ಳುತ್ತದೆಂದು ಟೋಪಿಯನ್ನು ಮೂಗಿನವರೆಗೆ ಎತ್ತಿದ. ಫೆಸ್ಟಿ ಅವನನ್ನು ಎರಡು ಚಳಿಗಾಲ ಹೊರಗಿಟ್ಟ. ಟೇಡಿ ಅದನ್ನು ಮರೆಯುವ ಪೈಕಿ ಅಲ್ಲ.

ಹೀಗೆ ಊರಿನವರ ಮದುವೆಗೆಲ್ಲ ಅದೃಷ್ಟ ಹಂಚಿದವನಿಗೆ ತಲೆಗೂದಲು ನರೆತರೂ ಮದುವೆಯಿಲ್ಲ. ತಪ್ಪೆಲ್ಲ ಅವನದಲ್ಲ. ಸಂಬಂಧ ಕುದುರಿಸುವವರು ವರ್ಷಕ್ಕೊಬ್ಬಳ ಮಾತು ತರುತ್ತಿದ್ದರು, ವಿನ್ನಿ ಮೂಗು ಮುರಿಯುತ್ತಿದ್ದಳು. ಒಬ್ಬಳ ನಗು ಜೋರಾಯಿತು. ಒಬ್ಬಳು ಕೆರೆಯ ದಂಡೆಯವಳು, ಮನೆಗೆ ತಂಡಿ ತರುತ್ತಾಳೆ. ಇನ್ನೊಬ್ಬಳು ಬೆಣ್ಣೆ ಸವರುವ ಕೈ ನೋಡಿದರೆ ಮೂರು ಹಸು ಸಾಲದು. ಉಪವಾಸದ ಮೊದಲ ಭಾನುವಾರ ಚರ್ಚಿಗೆ ಹೋದಾಗ ಮದುವೆಯಾಗದೆ ಉಳಿದ ಗಂಡಸರ ಬೆನ್ನಿಗೆ ಹುಡುಗರು ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆಯುವುದು ನಮ್ಮಲ್ಲಿ ವಾಡಿಕೆ. ಫೆಸ್ಟಿಯ ಕೋಟು ಆ ಗೆರೆಗಳಿಂದಲೇ ಬಣ್ಣಗೆಟ್ಟಿತ್ತು. ವಿನ್ನಿ ಅದನ್ನು ಬ್ರಷ್ಷಿನಲ್ಲಿ ಉಜ್ಜುತ್ತ, ಈ ಊರಿನವರಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ಬೈಯುತ್ತಿದ್ದಳು.

ಕೊನೆಗೆ ಒಂದು ಬೇಸಿಗೆ ಆಸ್ಟಿನ್ ಲವೆಲ್ ತನ್ನ ಮನೆಯ ಮಾಡು ಸೋರುತ್ತಿದೆ ಎಂದು ಫೆಸ್ಟಿಯನ್ನು ಕರೆಸಿದ. ಕೆಳಗಿನಿಂದ ಹುಲ್ಲಿನ ಕಟ್ಟು ಎತ್ತಿ ಕೊಡಲು ನಿಂತವಳು ಆಸ್ಟಿನ್ನನ ಮಗಳು ಸಬೀನಾ. ಅವಳಿಗೂ ವಯಸ್ಸು ನಲವತ್ತರ ಹತ್ತಿರ, ಅವಳ ಕಥೆಯೂ ಊರಿಗೆಲ್ಲ ಗೊತ್ತಿದ್ದದ್ದೆ. ಹಿಂದೆ ಒಮ್ಮೆ ಅವಳಿಗೆ ಗಂಡು ಗೊತ್ತಾಗಿತ್ತು. ಮದುವೆಯ ಬೆಳಿಗ್ಗೆ ಅವಳು ಚರ್ಚಿನ ಗೇಟಿನಲ್ಲಿ ಹೊಸ ಟೋಪಿ ಹಾಕಿಕೊಂಡು ಮಧ್ಯಾಹ್ನದವರೆಗೆ ನಿಂತಳು. ಗಂಡು ಆಗಲೇ ಕೂಲಿಗೆ ಹೊರಟವರ ಜೊತೆ ಸ್ಕಾಟ್ಲೆಂಡಿನ ಹಡಗು ಹತ್ತಿದ್ದ. ಮನೆಯಲ್ಲಿ ಬೆಂದ ಗೂಸು ಹಾಳಾಗಬಾರದೆಂದು ಬಂದವರು ಉಂಡೇ ಹೋದರು. ಅಂದಿನಿಂದ ನಮ್ಮೂರಿನಲ್ಲಿ ಯಾರಾದರೂ ಹೇಳದೆ ಕೇಳದೆ ಎದ್ದು ಹೋದರೆ, ಸ್ಕಾಟ್ಲೆಂಡಿಗೆ ಹೋದ ಎನ್ನುವುದು ಮಾತಾಗಿಬಿಟ್ಟಿತು. ಸಬೀನಾಳ ಎದುರೂ ಅಂದುಬಿಡುತ್ತಿದ್ದರು, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ನಮ್ಮ ಜನ ಒಳ್ಳೆಯವರೇ, ಆದರೆ ಒಳ್ಳೆಯತನ ನೆನಪಾಗುವುದು ಸ್ವಲ್ಪ ತಡ.

ಸಬೀನಾ ಮೊದಲೆರಡು ದಿನ ಹುಲ್ಲು ಎತ್ತಿ ಕೊಡುತ್ತ ತಾನೇ ಮಾತಾಡಿಕೊಂಡಳು. ಮೇಲಿನಿಂದ 'ಹೂಂ' ಉದುರುತ್ತಿತ್ತು. ಮೂರನೆಯ ದಿನ ಹುಲ್ಲಿನ ಕಟ್ಟನ್ನು ಕೈಯಲ್ಲೇ ಹಿಡಿದು ನಿಂತಳು.

"ಮಾಡು ಮುಗಿದ್ಮೇಲೆ ಎಲ್ಲಿಗೆ ಹೋಗ್ತೀಯ?"

"ಮನೆಗೆ."

"ಮನೇಲಿ ಯಾರಿದಾರೆ?"

"ಅಮ್ಮ."

"ಇನ್ನೊಬ್ರಿಗೆ ಜಾಗ ಆಗುತ್ತಾ?"

ಫೆಸ್ಟಿಯ ಕೈಯಿಂದ ಕೊಡತಿ ಜಾರಿ ಅಂಗಳದ ಬಾತುಕೋಳಿಯ ಪಕ್ಕದಲ್ಲೇ ಬಿತ್ತು. ಬಾತುಕೋಳಿ ಕೂಗಾಡಿತು. ಅದು ಸುಮ್ಮನಾದ ಮೇಲೆ ಮಾಡಿನಿಂದ "ಹೂಂ" ಎಂದು ಕೇಳಿಸಿತು. ಆ ಒಂದಕ್ಷರ ಅವನ ಬದುಕಿನಲ್ಲಿ ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಸಬೀನಾ ಒಂದೇ ಒಂದು ಕರಾರು ಹಾಕಿದಳು. "ನೀನು ಮಾತಾಡ್ದೆ ಇದ್ರೂ ಪರವಾಗಿಲ್ಲ, ನನಗೆ ಇಬ್ರ ಪಾಲಿನ ಮಾತು ಬರುತ್ತೆ. ಆದ್ರೆ ನನ್ನನ್ನ ಕೂರಿಸಿ ಹೇಳ್ದೆ ಎದ್ದು ಹೋಗ್ಬೇಡ. ಹೋಗೋದಾದ್ರೆ ಹೇಳಿ ಹೋಗು. ಇನ್ನೊಂದ್ಸಲ ಊರ ಮುಂದೆ ಹಾಗೆ ನಿಲ್ಲೋಕೆ ನನ್ನ ಕೈಲಾಗಲ್ಲ." ಫೆಸ್ಟಿ ಅದಕ್ಕೂ ಹೂಂ ಎಂದ. ಈ ಸಲ ಕಡ್ಡಿಯನ್ನು ಬಾಯಿಂದ ತೆಗೆದು ಹೇಳಿದ. ವಿನ್ನಿ ಮಾತ್ರ ಒಂದು ವಾರ ಹುಡುಕಿದರೂ ಸಬೀನಾಳಲ್ಲಿ ಐಬು ಸಿಗದೆ, ಇದರಲ್ಲೇ ಏನೋ ಇದೆ ಎಂದು ಗೊಣಗಿ ಒಪ್ಪಿದಳು.

ಉಪವಾಸ ಹಿಡಿಯುವ ಹಿಂದಿನ ದಿನ, ಮಂಗಳವಾರ, ಮದುವೆ. ಮಳೆ ಬಾರದಿರಲೆಂದು ಆಸ್ಟಿನ್ ಬಾಲಯೇಸುವಿನ ಮೂರ್ತಿಯನ್ನು ಹಿಂದಿನ ರಾತ್ರಿಯೇ ಬೇಲಿಯ ಬುಡದಲ್ಲಿ ನಿಲ್ಲಿಸಿದ್ದ. ಮಳೆ ಬಾರದೆ ಆಲಿಕಲ್ಲು ಬಂತು, ಹರಕೆ ಅರ್ಧ ಫಲಿಸಿತು ಎಂದುಕೊಂಡರು. ಫೆಸ್ಟಿ ಬೆಳಿಗ್ಗೆಯೂ ಒಂದು ಮಾಡಿನ ತೇಪೆ ಮುಗಿಸಿ ಬಂದಿದ್ದರಿಂದ ಹೆಬ್ಬೆರಳು ಕಡ್ಡಿ ತಾಗಿ ಸೀಳಿತ್ತು. ಪಾದ್ರಿಯ ಎದುರು ಕೈ ಹಿಡಿದಾಗ ಸಬೀನಾ ರಕ್ತ ನೋಡಿದಳು. ಪಾದ್ರಿ ಓದುತ್ತಲೇ ಇದ್ದರು, ಅವಳು ತನ್ನ ಕರವಸ್ತ್ರದ ಅಂಚು ಹರಿದು ಬೆರಳಿಗೆ ಬಿಗಿಯಾಗಿ ಕಟ್ಟಿ ಗಂಟು ಹಾಕಿದಳು. ಉಂಗುರಕ್ಕಿಂತ ಮೊದಲು ಆ ಗಂಟು ಬಿತ್ತು.

ಆಸ್ಟಿನ್ನನ ಮನೆಯಲ್ಲಿ ಊಟ. ಗೂಸು, ಆಲೂಗಡ್ಡೆ, ದ್ರಾಕ್ಷಿ ಹಾಕಿದ ರೊಟ್ಟಿ, ಬೆಟ್ಟದ ಆಚೆಯಿಂದ ಕದ್ದುಮುಚ್ಚಿ ತಂದ ಸಾರಾಯಿ. ಫೆಸ್ಟಿ ಹೊಸ ಕೋಟು, ಹೊಸ ಬೂಟಿನಲ್ಲಿ ಮೇಜಿನ ತಲೆಯಲ್ಲಿ ಕೂತ. ಪಿಟೀಲು ಶುರುವಾಯಿತು. ಸಬೀನಾ ಕುಣಿಯೋಣ ಬಾ ಎಂದಳು. ಅಷ್ಟು ಜನರ ಕಣ್ಣು ಬರಿ ಮುಖದ ಮೇಲೆ ಬಿದ್ದದ್ದೇ ತಡ, ಅವನ ಕಾಲು ಮರಗಟ್ಟಿತು. ಬೂಟು ಬಿಗಿ ಎಂದ. ಅವಳು ಇನ್ನೊಮ್ಮೆ ಕೇಳಲಿಲ್ಲ, ಕೈ ಮಡಚಿ ಕೂತಳು. ಊರಿನ ಮದುವಣಗಿತ್ತಿಯರನ್ನೆಲ್ಲ ಕುಣಿಸಿದವನು ತನ್ನವಳನ್ನು ಕೂರಿಸಿದನಲ್ಲ ಎಂದು ಫೆಸ್ಟಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಆಗ ಹಿತ್ತಲಿನಿಂದ ಸಿಳ್ಳು ಕೇಳಿಸಿತು. ಅವನಿಗೆ ಗೊತ್ತಿದ್ದ ಸಿಳ್ಳು. ಸಬೀನಾ ಅಡಿಗೆಮನೆಯಲ್ಲಿ ಟೀ ಸುರಿಯುತ್ತಿದ್ದಳು. ಒಂದು ಗಳಿಗೆಯಲ್ಲಿ ಬಂದೇನು ಎಂದು ಫೆಸ್ಟಿ ಎದ್ದು ಹಿಂಬಾಗಿಲಿನಿಂದ ದನದ ಕೊಟ್ಟಿಗೆಗೆ ಹೋದ. ಕೊಟ್ಟಿಗೆಯ ತುಂಬ ಹುಲ್ಲುವೇಷದವರು ಸಾಲಾಗಿ ನಿಂತಿದ್ದರು, ಚಳಿಗೆ ಕಾಲು ಕುಟ್ಟುತ್ತ.

"ಎಲ್ ಹಾಳಾಗ್ಹೋಗಿದ್ದೆ?" ಟೋಪಿಯ ಒಳಗಿನಿಂದ ಟೇಡಿಯ ದನಿ ಸಿಡುಕಿತು. "ನಿನಗೋಸ್ಕರ ಆಗಿಂದ ಇಲ್ಲಿ ಹೆಪ್ಪುಗಟ್ಟಿ ನಿಂತಿದೀವಿ."

"ನನ್ನ ಮದುವೆ ಕಣಯ್ಯಾ," ಎಂದ ಫೆಸ್ಟಿ.

ಹುಲ್ಲಿನ ಟೋಪಿಗಳು ಒಂದರತ್ತ ಒಂದು ತಿರುಗಿದವು. ಮದುವೆ ಫೆಸ್ಟಿಯದೆಂದು ಅವರೆಲ್ಲರಿಗೂ ತಿಳಿದಿತ್ತು, ಬೆಳಿಗ್ಗೆ ಚರ್ಚಿನಲ್ಲಿ ನೋಡಿ ಬಂದವರೂ ಇದ್ದರು. ಕ್ಯಾಪ್ಟನ್ನು ಫೆಸ್ಟಿಯೆಂದೂ ತಿಳಿದಿತ್ತು. ಈ ಎರಡು ತಿಳಿವಳಿಕೆಯನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸವನ್ನು ಮಾತ್ರ ಯಾರೂ ಮಾಡಿರಲಿಲ್ಲ. ಇಷ್ಟು ವರ್ಷದ ರೂಢಿಯಂತೆ ಹುಲ್ಲು ತೊಟ್ಟು, ಅವನ ಉಡುಪನ್ನೂ ಹೊತ್ತು ತಂದು, ಅವನು ತಡಮಾಡುತ್ತಿದ್ದಾನೆಂದು ಬೈದುಕೊಳ್ಳುತ್ತಿದ್ದರು.

ಬೇರೆ ಯಾರಾದರೂ ಕ್ಯಾಪ್ಟನ್ ಆಗಿ ಎಂದ ಫೆಸ್ಟಿ. ಟೇಡಿಗೆ ಪಿಟೀಲು ಬರುತ್ತದೆ, ಕುಣಿತ ಬರುವುದಿಲ್ಲ. ಉಳಿದವರು ಒಬ್ಬರ ಹಿಂದೊಬ್ಬರು ಅವಿತರು. ಹಿಂತಿರುಗಿ ಹೋದರೆ ಸಬೀನಾಳ ಮದುವೆಗೆ ಆ ಕೇಡು ಮೆತ್ತಿಕೊಳ್ಳುತ್ತದೆ. ಅವಳ ಪಾಲಿಗೆ ಈಗಾಗಲೇ ಬಂದದ್ದು ಸಾಲದೆ? ಫೆಸ್ಟಿ ಹೊಸ ಕೋಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಹುಲ್ಲಿನೊಳಗೆ ತಲೆ ತೂರಿಸಿದ. ಹೇಳಿ ಹೋಗು ಎಂದ ಅವಳ ಮಾತು ನೆನಪಾಗುವಷ್ಟರಲ್ಲಿ ಟೇಡಿ ಮುಂಬಾಗಿಲು ಬಡಿದಾಗಿತ್ತು.

ಒಳಗಿನವರು ಚಪ್ಪಾಳೆ ತಟ್ಟಿ ದಾರಿ ಬಿಟ್ಟರು. ಟೇಡಿಯ ಪಿಟೀಲು ಎದ್ದಿತು. ಕ್ಯಾಪ್ಟನ್ನು ಸಬೀನಾಳ ಮುಂದೆ ಬಗ್ಗಿ ಕೈ ಚಾಚಿದ. ಹುಲ್ಲಿನ ಕತ್ತಲು ಮುಖ ಮುಚ್ಚಿದ ಕೂಡಲೆ ಫೆಸ್ಟಿಯ ಕಾಲಿಗೆ ಜೀವ ಬಂದಿತ್ತು. ಆದರೆ ಬೂಟು ನಿಜಕ್ಕೂ ಬಿಗಿ, ಹಿಮ್ಮಡಿ ಬೀಳಬೇಕಾದಲ್ಲಿ ಬೀಳುತ್ತಿರಲಿಲ್ಲ. ಗೋಡೆಯ ಬದಿಯ ಮುದುಕರು ಬೂಟನ್ನು ನೋಡಿದರು, ಕೆಂಪು ತೇಪೆ ಇಲ್ಲ. ಇವನು ಯಾರೋ ಹೊಸಬ ಎಂದು ತೀರ್ಮಾನವಾಯಿತು. ಪರವಾಗಿಲ್ಲ, ಆದರೆ ನಮ್ಮ ಹಳೆಯ ಕ್ಯಾಪ್ಟನ್ನಿನ ಉಗುರಿಗೂ ಸಮವಿಲ್ಲ ಎಂದು ಒಬ್ಬ ಹೇಳಿದ. ಉಳಿದವರು ತಲೆಯಾಡಿಸಿದರು. ಫೆಸ್ಟಿಗೆ ಹೆಮ್ಮೆಪಡಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಆಸ್ಟಿನ್ನನ ಕಣ್ಣು ಮೇಜಿನ ತಲೆಯ ಖಾಲಿ ಕುರ್ಚಿಯ ಮೇಲೆ ಬಿತ್ತು. ಮದುಮಗ ಎಲ್ಲಿ ಎಂದ. ಯಾರಿಗೂ ಗೊತ್ತಿಲ್ಲ. ಸಬೀನಾಳ ಅಣ್ಣ ಮೈಲ್ಸ್ ಲಾಂದ್ರ ಹಿಡಿದು ಹಿತ್ತಲಿಗೆ ಹೋದವನು ತುಸು ಹೊತ್ತಿನಲ್ಲೇ ಮುಖ ಕಪ್ಪಿಟ್ಟುಕೊಂಡು ಬಂದ. ಕೈಯಲ್ಲಿ ಫೆಸ್ಟಿಯ ಹೊಸ ಕೋಟು.

ಪಿಟೀಲು ನಿಂತಿತು. ಮೂಲೆಯಿಂದ ಯಾರೋ "ಸ್ಕಾಟ್ಲೆಂಡಿಗೆ" ಎಂದು ಶುರುಮಾಡಿ ಉಳಿದದ್ದನ್ನು ನುಂಗಿಕೊಂಡರು. ಆಸ್ಟಿನ್ ಮಾತ್ರ ನುಂಗಲಿಲ್ಲ.

"ಮೊದಲ್ನೇನು ಊಟಕ್ಕೆ ಮುಂಚೆ ಓಡಿದ," ಎಂದ. "ಇವನು ಉಂಡು ಓಡಿದಾನೆ."

ವಿನ್ನಿ ಎದ್ದು ನಿಂತಳು. ನನ್ನ ಮಗ ಅಂಥವನಲ್ಲ, ಈ ಚಳಿಯಲ್ಲಿ ಕೋಟು ಬಿಟ್ಟು ಅವನು ಎಲ್ಲಿಗೂ ಹೋಗುವವನಲ್ಲ, ನಾನು ಹಾಗೆ ಬೆಳೆಸಿಲ್ಲ ಎಂದು ಹೇಳುತ್ತ ಹೇಳುತ್ತ ಅಳುವುದಕ್ಕೇ ಶುರುಮಾಡಿದಳು. ಮೈಲ್ಸ್ ಕುದುರೆ ಕಟ್ಟುತ್ತೇನೆ, ರೈಲು ಸ್ಟೇಷನ್ನಿನಲ್ಲೇ ಅವನ ಕತ್ತು ಹಿಡಿಯುತ್ತೇನೆ ಎಂದ.

ಆ ಕತ್ತು ನಡುಮನೆಯಲ್ಲಿ, ಹುಲ್ಲಿನೊಳಗೆ ಬೆವರುತ್ತಿತ್ತು. ಟೋಪಿ ಎತ್ತಿದರೆ ಮುಗಿಯಿತು. ಎತ್ತಲು ಕೈಯೂ ಹೊರಟಿತು. ಎದುರಿಗೆ ಟೇಡಿಯ ಟೋಪಿ ಎಡಕ್ಕೂ ಬಲಕ್ಕೂ ನಿಧಾನವಾಗಿ ಅಲ್ಲಾಡಿತು. ಎರಡು ಚಳಿಗಾಲ ಹೊರಗೆ ನಿಂತವನ ಅಲ್ಲಾಟ ಅದು. ಮುಖ ತೋರಿಸಿದರೆ ಇವಳ ಅದೃಷ್ಟ ಹೋಗುತ್ತದೆ, ತೋರಿಸದಿದ್ದರೆ ಇವಳ ಮಾನ ಹೋಗುತ್ತದೆ. ಫೆಸ್ಟಿ ಎರಡರ ನಡುವೆ ಕಂಬದ ಹಾಗೆ ನಿಂತ. ಸಬೀನಾಳ ಮುಖದಲ್ಲಿ ರಕ್ತವಿರಲಿಲ್ಲ. ಚರ್ಚಿನ ಗೇಟಿನಲ್ಲಿ ಹೀಗೆಯೇ ನಿಂತಿದ್ದಳೇನೋ ಎಂದು ಅವನಿಗೆ ಅನಿಸಿತು. ಬಾಯಿ ಬಿಡುವಂತಿಲ್ಲ. ಅವಳ ಕೈ ಮಾತ್ರ ಇನ್ನೂ ತನ್ನ ಕೈಯಲ್ಲಿತ್ತು, ಅದನ್ನು ಬಲವಾಗಿ ಹಿಡಿದುಕೊಂಡ.

ಹಿಡಿದಾಗ ಹುಲ್ಲಿನ ಕೆಳಗೆ ಅವಳ ಬೆರಳಿಗೆ ಏನೋ ತಾಗಿತು. ಬಟ್ಟೆ. ಬಟ್ಟೆಗೆ ಒಂದು ಗಂಟು. ಸಬೀನಾ ತಲೆ ಎತ್ತದೆ ಆ ಗಂಟನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದಳು. ತಾನೇ ಹಾಕಿದ ಗಂಟು. ಅವಳ ಮುಖಕ್ಕೆ ರಕ್ತ ವಾಪಸು ಬಂತು, ಸ್ವಲ್ಪ ಜಾಸ್ತಿಯೇ ಬಂತು. ಬೈಯುವ ಹಾಗಿಲ್ಲ, ಹೆಸರು ಹಿಡಿಯುವ ಹಾಗಿಲ್ಲ. ಅವಳು ಹೊರಟುನಿಂತ ಅಣ್ಣನಿಗೆ ಕೂರು ಎಂದು ಸನ್ನೆ ಮಾಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಕ್ಯಾಪ್ಟನ್ನೋರೇ, ನೀವು ಊರೂರು ತಿರುಗೋರು. ದಾರೀಲಿ ನನ್ನ ಗಂಡ ಸಿಕ್ಕಿದ್ರೆ ಒಂದ್ ಮಾತು ಹೇಳ್ತೀರಾ?"

ಟೋಪಿ ಮೇಲೂ ಕೆಳಗೂ ಆಡಿತು.

"ನಾನು ಬಾಗ್ಲಲ್ಲಿ ನಿಂತು ದಾರಿ ಕಾಯೋಳಲ್ಲ ಅನ್ನಿ. ಇಲ್ಲೇ ನಡುಮನೇಲಿ ಇರ್ತೀನಿ. ಮುಂದಿನ ಕುಣಿತ ಅವನಿಗೆ ಅಂತ ಇಟ್ಕೊಂಡಿದೀನಿ. ಮುಖ ತೋರಿಸ್ಕೊಂಡು ಬಂದು ಕುಣೀಬೇಕು. ಬೂಟು ಬಿಗಿ ಅಂದ್ರೆ ಬಿಚ್ಚಿಟ್ಟು ಬರೋಕೆ ಹೇಳಿ."

ಟೋಪಿ ಮತ್ತೆ ಆಡಿತು. ಹುಲ್ಲುವೇಷದವರು ಲೋಟಗಳನ್ನು ಬೇಗ ಬೇಗ ಬರಿದುಮಾಡಿ ಹೊರಟರು. ಬಾಗಿಲು ದಾಟಿದ್ದೇ ಫೆಸ್ಟಿ ಟೋಪಿಗೆ ಕೈ ಹಾಕಿದ. "ಎಲ್ಲೆಗೋಡೆ," ಎಂದ ಟೇಡಿ, ಬಹಳ ಸಂತೋಷದಿಂದ. ಆಸ್ಟಿನ್ನನ ಎಲ್ಲೆಗೋಡೆ ಕೆಸರುಗದ್ದೆಯ ಆ ತುದಿಯಲ್ಲಿ. ಫೆಸ್ಟಿ ಬೂಟು ಕಿತ್ತು ಕೈಯಲ್ಲಿ ಹಿಡಿದು, ಹುಲ್ಲು ಹೊತ್ತು, ತನ್ನದೇ ಕಾನೂನನ್ನು ಬೈಯುತ್ತ ಅಷ್ಟು ದೂರ ಓಡಿದ. ಗೋಡೆ ಹಾರಿ, ಹುಲ್ಲು ಕಿತ್ತೆಸೆದು, ಅಷ್ಟೇ ದೂರ ಹಿಂದಕ್ಕೆ ಓಡಿದ.

ಒಳಗೆ ಬಂದಾಗ ಮೊಣಕಾಲಿನವರೆಗೆ ಕೆಸರು. ಮೈಮೇಲೆ ಬರಿ ಅಂಗಿ. ಬಲಗಿವಿಯ ಹಿಂದೆ ಒಂದು ಹುಲ್ಲುಕಡ್ಡಿ ನೆಟ್ಟಗೆ ನಿಂತಿತ್ತು. ಇಡೀ ಮನೆ ಆ ಕಡ್ಡಿಯನ್ನು ನೋಡಿತು.

"ಎಲ್ಲಿಗ್ ಹೋಗಿದ್ಯಪ್ಪ?" ಎಂದ ಆಸ್ಟಿನ್, ಕಡ್ಡಿಯನ್ನೇ ನೋಡುತ್ತ.

ಫೆಸ್ಟಿ ಬಹಳ ಯೋಚಿಸಿದ. "ಹಸು ನೋಡೋಕೆ."

ಆಸ್ಟಿನ್ನನ ಗಂಟಲಲ್ಲಿ ಏನೇನೋ ಬಂದು ಹೋಯಿತು. ಹೆಸರು ಹಿಡಿದರೆ ಕೇಡು. ಮಗಳ ಮುಖ ನೋಡಿದ, ಮತ್ತೆ ಕಡ್ಡಿಯನ್ನು ನೋಡಿದ.

"ಹಸು ಹೇಗಿದೆ?"

"ಚೆನ್ನಾಗಿದೆ."

"ಸರಿ ಬಿಡು," ಎಂದು ಆಸ್ಟಿನ್ ಕೂತುಕೊಂಡ. ವಿನ್ನಿ ಬಂದು ಮಗನ ಕಿವಿಯ ಹಿಂದಿನ ಕಡ್ಡಿಯನ್ನು ಕಿತ್ತು, ಸುಣ್ಣದ ಗೆರೆ ಒರೆಸುವ ಹಾಗೆ ಹೆಗಲು ಕೊಡವಿ, ಕಡ್ಡಿಯನ್ನು ಒಲೆಗೆ ಹಾಕಿದಳು.

ಮನೆಯ ಪಿಟೀಲು ಎದ್ದಿತು. ಸಬೀನಾ ನಡುಮನೆಯಲ್ಲೇ ನಿಂತಿದ್ದಳು. ಫೆಸ್ಟಿ ಬರಿಗಾಲಿನಲ್ಲಿ, ಬರಿ ಮುಖದಲ್ಲಿ, ಕೆಂಪು ಕಿವಿಗಳನ್ನು ಊರಿಗೆಲ್ಲ ತೋರಿಸಿಕೊಂಡು ಕುಣಿದ. ಬಹಳ ಕೆಟ್ಟದಾಗಿ ಕುಣಿದ. ಅವಳ ಕಾಲು ತುಳಿದ, ಸ್ಟೂಲಿಗೆ ಎಡವಿದ, ಬಲಕ್ಕೆ ತಿರುಗುವಲ್ಲಿ ಎಡಕ್ಕೆ ತಿರುಗಿದ. ಸಬೀನಾ ಆ ದಿನ ಮೊದಲ ಸಲ ಬಾಯಿ ತುಂಬ ನಕ್ಕಳು.

ಮದುವೆಯಾದವರು ಹುಲ್ಲು ತೊಡುವ ಪದ್ಧತಿಯಿಲ್ಲ, ಆ ಒಂದು ರಾತ್ರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಕ್ಯಾಪ್ಟನ್ನಿನ ಟೋಪಿ ಟೇಡಿಗೆ ಹೋಯಿತು. ಕುಣಿತ ಬಾರದ ಕ್ಯಾಪ್ಟನ್ನಿನ ಕೈಯಲ್ಲಿ ನಮ್ಮೂರಿನ ಮದುವಣಗಿತ್ತಿಯರ ಕಾಲಿನ ಗತಿ ಏನಾಯಿತೆಂದು ಹೇಳದಿರುವುದೇ ಒಳ್ಳೆಯದು. ಫೆಸ್ಟಿಗೆ ಮಕ್ಕಳಾದವು, ಹಸು ಹಾಲು ಕೊಟ್ಟಿತು. ಅವನ ಮದುವೆಗೆ ಬಂದ ಕ್ಯಾಪ್ಟನ್ನು ಯಾರೆಂಬ ಮಾತು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಪ್ರತಿ ವರ್ಷ ಮದುವೆಗಳ ಕಾಲ ಬಂದು, ಹುಲ್ಲುವೇಷದವರು ಬೇರೆ ಯಾರದೋ ಮನೆಗೆ ರಸ್ತೆಯಲ್ಲಿ ಹಾದು ಹೋಗುವಾಗ ಫೆಸ್ಟಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಒಂದು ವರ್ಷ ತಡೆಯಲಾರದೆ ಕೇಳಿಬಿಟ್ಟ.

"ಅವತ್ತು ಯಾರ ಕುಣಿತ ಚೆನ್ನಾಗಿತ್ತು? ಅವಂದೋ, ನಂದೋ?"

"ಕ್ಯಾಪ್ಟನ್ನೋರ್ದು," ಎಂದಳು ಸಬೀನಾ, ಸ್ವೆಟರಿನ ಹೆಣಿಗೆಯಿಂದ ಕಣ್ಣೆತ್ತದೆ. "ಅದ್ರಲ್ಲಿ ಎರಡು ಮಾತಿಲ್ಲ."

ಫೆಸ್ಟಿಯ ಮುಖ ಸಣ್ಣಗಾಯಿತು. ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು ಪಟ್ಟ ಗಂಡಸು ನಮ್ಮ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

"ಹಾಗಾದ್ರೆ ಅವನನ್ನೇ ಕಟ್ಕೋಬೇಕಿತ್ತು."

"ಅವರು ಕುಣಿದು ಹೊರಟುಹೋದ್ರು," ಎಂದಳು ಅವಳು. "ನೀನು ವಾಪಸ್ ಬಂದೆ."

ಫೆಸ್ಟಿ ಕಿಟಕಿ ಬಿಟ್ಟು ಬಂದು ಅವಳ ಪಕ್ಕದಲ್ಲಿ ಕೂತ. ಆಮೇಲೆ ಹೂಂ ಎಂದ.